ಬುಗುರಿ ಹೇಗಾಯ್ತು? ಕಲೆಯ ಕಥೆ ಹೇಳಿ ಓದು ಕಲಿಸುವ ಬಗೆ

ಕಲೆಯ ಬಗ್ಗೆ ಮಕ್ಕಳಿಗೆ ಕಥೆ ಹೇಳಿ ಅಂದರೆ ನಾವು ಮೇಷ್ಟ್ರು, ಮಿಸ್ಸುಗಳು ಮೊದಲು ಹುಡುಕುವುದು ಕಲಾವಿದರ ಜೀವನಚರಿತ್ರೆ. ಎಲ್ಲಿ ಹುಟ್ಟಿದರು, ಯಾರ ಹತ್ತಿರ ಕಲಿತರು, ಯಾವ ಪ್ರಶಸ್ತಿ ಬಂತು. ಎರಡನೇ ಕ್ಲಾಸಿನ ಮಗುವಿಗೆ ಇದರಲ್ಲಿ ಹಿಡಿದುಕೊಳ್ಳೋಕೆ ಏನೂ ಸಿಗುವುದಿಲ್ಲ. ಇಸವಿ ಅದಕ್ಕೆ ಬರೀ ಅಂಕಿ. ಪ್ರಶಸ್ತಿಯ ಹೆಸರು ಓದೋಕೆ ಕಷ್ಟ. "ಮಹಾನ್ ಕಲಾವಿದ" ಅನ್ನುವುದಂತೂ ಬಾಯಿಪಾಠದ ಮಾತು.

ನಾನು ಹೇಳುವ ಕಥೆಗಳಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಇದನ್ನು ಹೇಗೆ ಮಾಡಿದರು? ಮರ ತಂದರು, ಒಣಗಿಸಿದರು, ಕಡೆದರು. ಇಲ್ಲಿ ಎಲ್ಲವೂ ಕೆಲಸ. ಒಂದಾದ ಮೇಲೆ ಒಂದು ಬರುತ್ತದೆ. ವಾಕ್ಯ ತಾನಾಗೇ ಚಿಕ್ಕದಾಗುತ್ತದೆ. ಕೆಲವು ಪದ ಮತ್ತೆ ಮತ್ತೆ ಬರುತ್ತವೆ. ಓದೋಕೆ ಈಗಷ್ಟೇ ಶುರು ಮಾಡಿದ ಮಗುವಿಗೆ ಬೇಕಾಗಿರುವುದು ಇಷ್ಟೇ ಅಲ್ವಾ?

ನಾನಿರುವುದು ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದು ಕೋಣೆಯಲ್ಲಿ ನಲಿಕಲಿ ಮಕ್ಕಳು, ಅಂದರೆ ಒಟ್ಟಿಗೆ ಕೂತು ಕಲಿಯುವ ಒಂದರಿಂದ ಮೂರನೇ ತರಗತಿಯವರು; ಪಕ್ಕದ ಕೋಣೆಯಲ್ಲಿ ನಾಲ್ಕು ಮತ್ತು ಐದನೇ ತರಗತಿ. ಕೆಳಗೆ ಬರೆದಿರುವುದೆಲ್ಲ ಈ ಎರಡು ಕೋಣೆಗಳಲ್ಲಿ ನಡೆಯುವಂಥದ್ದು. ಅದಕ್ಕೆ ಪ್ರೊಜೆಕ್ಟರ್ ಬೇಡ. ಹಳೇ ಕ್ಯಾಲೆಂಡರ್, ಸ್ಕೆಚ್ ಪೆನ್ನು, ಕತ್ತರಿ, ಜೊತೆಗೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇದ್ದರೆ ಸಾಕು.

ಮೊದಲು ವಸ್ತು, ಆಮೇಲೆ ಅಕ್ಷರ

ನಾನು ಚನ್ನಪಟ್ಟಣದ ಬುಗುರಿಯಿಂದ ಶುರು ಮಾಡುತ್ತೇನೆ. ಮೈಸೂರು–ಬೆಂಗಳೂರು ರಸ್ತೆಯಲ್ಲಿ ಓಡಾಡುವವರಿಗೆ ಸುಲಭವಾಗಿ ಸಿಗುತ್ತದೆ. ಬೆಲೆ ಕಮ್ಮಿ, ಬಿದ್ದರೆ ಒಡೆಯುವುದಿಲ್ಲ.

ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯಬೇಡಿ. ಬುಗುರಿ ಕೈಯಿಂದ ಕೈಗೆ ಹೋಗಲಿ. ಎಲ್ಲರೂ ಒಂದೊಂದು ಸಲ ತಿರುಗಿಸಲಿ. ಗಲಾಟೆ ಆಗುತ್ತದೆ, ಆಗಲಿ. ಆಮೇಲೆ ಕೇಳಿ: ಮುಟ್ಟಿದರೆ ಹೇಗಿದೆ? ಮೂಗಿನ ಹತ್ತಿರ ಹಿಡಿದರೆ ಏನು ವಾಸನೆ? ಬಣ್ಣ ಎಲ್ಲಿಂದ ಎಲ್ಲಿವರೆಗಿದೆ? "ನುಣ್ಣಗದೆ ಮಿಸ್", "ಜಾರ್ತದೆ", "ಬಳೆ ತರ ಗೆರೆ ಅವೆ" ಅಂತ ಬರುತ್ತದೆ. ಈ ಮಾತುಗಳನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಹಾಗೆ ಹಾಗೇ ಗುರುತು ಹಾಕಿಕೊಳ್ಳಿ. ನಾಳೆ ಬೇಕಾಗುತ್ತದೆ.

ಎರಡನೇ ದಿನ ಕಥೆ. ನಾನು ಹೇಳುವುದು ಹೀಗೆ. ಹಾಲೆ ಅಂತ ಒಂದು ಮರ ಇದೆ. ಚನ್ನಪಟ್ಟಣದ ಕಡೆ ಆಲೆ ಮರ ಅಂತಲೂ ಕರೆಯುತ್ತಾರೆ. ಒಳಗೆ ಬೆಳ್ಳಗೆ, ದಂತದ ಬಣ್ಣ. ಕಡೆಯೋಕೆ ಮೆತ್ತಗೆ. ಅದನ್ನು ತಂದು ಒಣಗಿಸುತ್ತಾರೆ. ಒಣಗದ ಮರದಲ್ಲಿ ಬೊಂಬೆ ಮಾಡಿದರೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದ ತುಂಡನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುತ್ತಿರುವ ಮರಕ್ಕೆ ಉಳಿ ಹಿಡಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಹಾರುತ್ತದೆ. ಮರ ಗುಂಡಗಾಗುತ್ತದೆ.

ಇಲ್ಲಿ ನಿಲ್ಲಿಸಿ. ಬಣ್ಣ ಹೇಗೆ ಹಚ್ಚಿದರು ಅಂತ ಕೇಳಿ. ಎಲ್ಲರೂ "ಬ್ರಷ್ಷು" ಅನ್ನುತ್ತಾರೆ. ಬ್ರಷ್ ಇಲ್ಲವೇ ಇಲ್ಲ ಅಂದಾಗ ಕೋಣೆ ಒಂದು ಕ್ಷಣ ಸುಮ್ಮನಾಗುತ್ತದೆ. ಆಗ ಎಲ್ಲರೂ ಅಂಗೈಗೆ ಅಂಗೈ ಜೋರಾಗಿ ಉಜ್ಜಲಿ, ಕೆನ್ನೆಗೆ ಇಟ್ಟುಕೊಳ್ಳಲಿ. ಬಿಸಿ! ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೂ ಹೀಗೇ ಬಿಸಿಯಾಗುತ್ತದೆ. ಅರಗು ಕರಗುತ್ತದೆ, ಮರಕ್ಕೆ ಅಂಟುತ್ತದೆ. ಕೊನೆಗೆ ಕೇದಗೆ ಜಾತಿಯ ಗಿಡದ ಗರಿ ತಗೊಂಡು ಉಜ್ಜುತ್ತಾರೆ. ಆಗ ಆ ಹೊಳಪು ಬರುತ್ತದೆ.

"ಅರಗು ಕರಗಿತು" ಅನ್ನುವುದನ್ನು ಮಕ್ಕಳು ಬಿಡುವುದೇ ಇಲ್ಲ. ಊಟದ ಸಾಲಿನಲ್ಲೂ ಹೇಳಿಕೊಂಡು ನಿಂತಿರುತ್ತಾರೆ. ಅರಗಿನ ಮನೆ ಕಥೆ ಗೊತ್ತಿರುವ ಮಗು ಒಂದಾದರೂ ಇರುತ್ತದೆ. "ಪಾಂಡವ್ರ ಮನೆ ಮಿಸ್!" ಅನ್ನುತ್ತದೆ. ಆ ಮನೆ ಯಾಕೆ ಬೇಗ ಹೊತ್ತಿಕೊಂಡಿತು ಅಂತ ಆಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯನ್ನು ಎರಡನೇ ಸಲ ಹೇಳುವಾಗ ಬೇಕಂತಲೇ ಹಿಂದುಮುಂದು ಮಾಡಿ. "ಅರಗು ಹಚ್ಚಿದರು, ಆಮೇಲೆ ಮರ ಕಡೆದರು." ಕೂಗಾಡುತ್ತಾರೆ. ಯಾಕೆ ತಪ್ಪು ಅಂತ ಕೇಳಿ. "ಬಣ್ಣ ಎಲ್ಲ ಹೊಂಟೋಯ್ತದೆ ಅಲ್ವಾ ಮಿಸ್" ಅಂತ ಒಂದು ಮಗು ಹೇಳಿತು ಅಂದರೆ ಅದಕ್ಕೆ ಕಾರಣ ಕೊಟ್ಟು ಮಾತಾಡೋಕೆ ಬಂತು ಅಂತ ಅರ್ಥ. ಓದಿನ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಕ್ಯಾಲೆಂಡರಿನ ಹಿಂಬದಿ

ಮೂರನೇ ದಿನ ಕಥೆಯನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆಯುತ್ತೇನೆ. ಒಂದು ಸಾಲಿಗೆ ಒಂದೇ ವಾಕ್ಯ. ಪದಗಳ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ.

ಇದು ಬುಗುರಿ.
ಇದು ಮರದ ಬುಗುರಿ.
ಮರ ತಂದರು.
ಮರ ಒಣಗಿಸಿದರು.
ಮರ ಕಡೆದರು.
ಅರಗು ಹಚ್ಚಿದರು.
ಅರಗು ಕರಗಿತು.
ಗರಿಯಿಂದ ಉಜ್ಜಿದರು.
ಬುಗುರಿ ಹೊಳೆಯಿತು.

ನಲಿಕಲಿಯಲ್ಲಿ ಅಕ್ಷರಗಳು ಅ, ಆ, ಇ, ಈ ಸಾಲಿನಲ್ಲಿ ಬರುವುದಿಲ್ಲ, ರ ಗ ಸ ದ ಅ ಅಂತ ಶುರುವಾಗುತ್ತವೆ ಅನ್ನುವುದು ಶಿಕ್ಷಕರಿಗೆ ಗೊತ್ತು. ಅದರ ಮುಂದಿನದು ಜ ವ ಮ ಬ ನ. ಈಗ ಮೇಲಿನ ಕಥೆ ನೋಡಿ. ‘ಅರಗು’ ಪದದ ಮೂರೂ ಅಕ್ಷರ ಮೊದಲ ಗುಂಪಿನವೇ. ಕೊನೆಯದಕ್ಕೆ ಕೊಂಬು ಒಂದು ಜಾಸ್ತಿ. ‘ಮರ’ ಎರಡನೇ ಗುಂಪು ಬಂದ ಕೂಡಲೇ ಸಿಗುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ಇಡೀ ಹಾಳೆ ಓದಬೇಕಾಗಿಲ್ಲ. ಅದು ‘ಮರ’ ಎಲ್ಲೆಲ್ಲಿದೆ ಅಂತ ಹುಡುಕಿ ಸುತ್ತು ಹಾಕಲಿ. ಎರಡನೇ ತರಗತಿಯವರು ವಾಕ್ಯ ಓದಲಿ. ಮೂರನೆಯವರು ಓದಿ, ಎಲ್ಲ ಮುಚ್ಚಿ, ಮತ್ತೆ ಬರೆಯಲಿ. ಹಾಳೆ ಒಂದೇ.

ನಿಮ್ಮ ಕಥೆ ಬರೆಯುವಾಗಲೂ ಈ ಲೆಕ್ಕ ಇಟ್ಟುಕೊಳ್ಳಿ. ಮೊದಲೆರಡು ಗುಂಪಿನ ಅಕ್ಷರದಲ್ಲೇ ಗಜ, ಅರಸ, ಜನ, ಬನ, ಸರ, ದಸರ ಎಲ್ಲ ಬರುತ್ತವೆ. ಗಜ, ಅರಸ, ದಸರ ಇಷ್ಟಿದ್ದರೆ ಮೈಸೂರು ಕಡೆಯವರಿಗೆ ಒಂದು ಕಥೆಯೇ ಆಯಿತು.

ಇನ್ನು ಎಲ್ಲ ಶಿಕ್ಷಕರನ್ನೂ ಕಾಡುವ ವಿಷಯ: ಮಗು ಓದುತ್ತಿದೆಯೋ, ಬಾಯಿಪಾಠ ಒಪ್ಪಿಸುತ್ತಿದೆಯೋ? ಮೂರು ದಿನ ಕೇಳಿದ ಕಥೆ. ಬೆರಳಿಟ್ಟುಕೊಂಡು ಗಡಗಡ ಹೇಳಿಬಿಡುತ್ತಾರೆ. ಇದಕ್ಕೆ ನಾನು ಎರಡು ಕೆಲಸ ಮಾಡುತ್ತೇನೆ. ಒಂದು, ಹಾಳೆಯನ್ನು ಸಾಲು ಸಾಲಾಗಿ ಕತ್ತರಿಸಿ, ಕಲಸಿ, ನೆಲದ ಮೇಲೆ ಜೋಡಿಸಲು ಕೊಡುತ್ತೇನೆ. ಎರಡನೆಯದು ಇನ್ನೂ ಖಚಿತ. ಒಂದು ಪಟ್ಟಿಯಲ್ಲಿ "ಅರಗು ತಂದರು" ಅಂತ ಹೊಸದಾಗಿ ಬರೆದು ನಡುವೆ ಸೇರಿಸುತ್ತೇನೆ. ಒಪ್ಪಿಸುವ ಮಗು ಧೈರ್ಯವಾಗಿ "ಮರ ತಂದರು" ಅನ್ನುತ್ತದೆ. ಓದುವ ಮಗು ತಡೆದು, ಹುಬ್ಬು ಗಂಟು ಹಾಕಿ, "ಇದು ಕಥೇಲಿ ಇರ್ಲಿಲ್ಲ" ಅನ್ನುತ್ತದೆ. ಆ ತಡೆದು ನಿಲ್ಲುವುದೇ ಬೇಕಾಗಿರುವುದು. ಬೇಗ ಓದುವ ಮಗು ಚೆನ್ನಾಗಿ ಓದುತ್ತದೆ ಅನ್ನುವ ನಂಬಿಕೆ ಪಾಲಕರಲ್ಲಿ ಮಾತ್ರ ಅಲ್ಲ, ನಮ್ಮಲ್ಲೂ ಇದೆ. ಅದನ್ನು ಸ್ವಲ್ಪ ಪಕ್ಕಕ್ಕಿಡಿ.

ಮೊದಲ ದಿನ ಬರೆದಿಟ್ಟುಕೊಂಡ ಮಕ್ಕಳ ಮಾತು ಈಗ ಬರಲಿ. "ನುಣ್ಣಗದೆ", "ಗೆರೆ ಅವೆ" ಅನ್ನುವುದನ್ನು ಹಾಳೆಯ ಪಕ್ಕದಲ್ಲಿ ಒಂದು ಮುಖ ಬರೆದು, ಬಾಯಿಂದ ಗುಳ್ಳೆ ಹೊರಡಿಸಿ, ಅದರೊಳಗೆ ಹಾಗೇ ಬರೆಯಿರಿ. ಕಥೆ ಪುಸ್ತಕದ ಕನ್ನಡದಲ್ಲಿ, ಮಾತು ಮನೆಯ ಕನ್ನಡದಲ್ಲಿ. ಎರಡೂ ಒಂದೇ ಹಾಳೆಯಲ್ಲಿ ಇದ್ದರೆ "ಅವೆ" ತಪ್ಪು, "ಇವೆ" ಸರಿ ಅಂತ ಗದರುವ ಪ್ರಸಂಗವೇ ಬರುವುದಿಲ್ಲ. ಎಲ್ಲಿ ಯಾವುದು ಅಂತ ಮಕ್ಕಳೇ ಹಿಡಿಯುತ್ತಾರೆ. ಮನೆಯಲ್ಲಿ ತಮಿಳೋ ಉರ್ದುವೋ ಆಡುವ ಮಕ್ಕಳಿದ್ದರೆ ಬುಗುರಿಗೆ ಅವರ ಮನೆಯಲ್ಲಿ ಏನಂತಾರೆ ಅಂತ ಕೇಳಿ ಅದನ್ನೂ ಒಂದು ಗುಳ್ಳೆಯಲ್ಲಿ ಕನ್ನಡ ಅಕ್ಷರದಲ್ಲೇ ಬರೆಯಿರಿ. ತನ್ನ ಮನೆಯ ಮಾತು ಗೋಡೆ ಮೇಲೆ ಕಂಡ ಮಗು ಅದನ್ನು ದಿನಕ್ಕೆ ಹತ್ತು ಸಲ ಓದುತ್ತದೆ.

ವಾಕ್ಯ ಸೇರಿಸುವ ಆಟ

ಕನ್ನಡಕ್ಕೆ ಒಂದು ಅನುಕೂಲ ಇದೆ. ಒಂದಾದ ಮೇಲೊಂದು ಮಾಡಿದ ಕೆಲಸಗಳನ್ನು ನಾವು ಸಲೀಸಾಗಿ ಪೋಣಿಸುತ್ತೇವೆ. ತಂದು, ಒಣಗಿಸಿ, ಕಡೆದು, ಹಚ್ಚಿ, ಉಜ್ಜಿ. ಮಾಡುವ ಕಥೆಗೆ ಇದು ಹೇಳಿ ಮಾಡಿಸಿದ ವ್ಯಾಕರಣ. ಮೂರನೇ ತರಗತಿ ದಾಟಿದ ಮಕ್ಕಳಿಗೆ "ಮರ ತಂದರು. ಮರ ಒಣಗಿಸಿದರು." ಎರಡನ್ನೂ ಕೊಟ್ಟು ಒಂದು ಮಾಡಿ ಅನ್ನಿ. "ಮರ ತಂದು ಒಣಗಿಸಿದರು." ಮೂರನೆಯದನ್ನು ಸೇರಿಸಿ. ಆಮೇಲೆ ನಾಲ್ಕನೆಯದು. ಯಾರ ವಾಕ್ಯ ಉದ್ದ ಅಂತ ಪೈಪೋಟಿ ಶುರುವಾಗುತ್ತದೆ. ಬೋರ್ಡಿನ ಈ ಕಡೆಯಿಂದ ಆ ಕಡೆವರೆಗೆ ಹೋಗುತ್ತದೆ.

ಆಮೇಲೆ ಅದೇ ವಾಕ್ಯವನ್ನು ಒಂದೇ ಉಸಿರಿಗೆ ಓದಿಸಿ. ಆಗುವುದಿಲ್ಲ. ಎಲ್ಲಿ ಉಸಿರು ತಗೋಬೇಕೋ ಅಲ್ಲಿ ಅಲ್ಪವಿರಾಮ, ಎಲ್ಲಿ ಮುಗಿಸಬೇಕೋ ಅಲ್ಲಿ ಪೂರ್ಣವಿರಾಮ. ವಿರಾಮಚಿಹ್ನೆಗೆ ಬೇರೆ ಪಾಠ ಮಾಡುವುದನ್ನು ನಾನು ಬಿಟ್ಟಿದ್ದೇನೆ.

ಒತ್ತಕ್ಷರಕ್ಕೆ ಮಲ್ಲಿತಮ್ಮ

ನಮ್ಮ ತಾಲ್ಲೂಕಿನಲ್ಲೇ ಸೋಮನಾಥಪುರ ಇರುವುದು ನಮ್ಮ ಪುಣ್ಯ. ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1268ರಲ್ಲಿ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆಗೆ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಮಕ್ಕಳಿಗೆ ನಾನು ಇದ್ಯಾವುದನ್ನೂ ಮೊದಲು ಹೇಳುವುದಿಲ್ಲ. ಅವರ ಕೈಯಲ್ಲಿರುವ ಬಳಪ ತೋರಿಸುತ್ತೇನೆ. ಇದು ಯಾವುದರಿಂದ ಆಗಿದೆ? ಕಲ್ಲಿನಿಂದ. ಆ ಜಾತಿಯ ಕಲ್ಲಿಗೆ ಬಳಪದ ಕಲ್ಲು ಅನ್ನುತ್ತಾರೆ. ಉಗುರಲ್ಲಿ ಕೆರೆದರೆ ಪುಡಿ ಬರುವಷ್ಟು ಮೆತ್ತಗೆ. ಹೊಯ್ಸಳರ ಗುಡಿಗಳನ್ನು ಕೆತ್ತಿರುವುದು ಇದೇ ಜಾತಿಯ ಕಲ್ಲಿನಲ್ಲಿ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ. ಅದಕ್ಕೇ ವಿಗ್ರಹದ ಕೊರಳಿನ ಸರದ ಒಂದೊಂದು ಮಣಿಯನ್ನೂ ಬಿಡಿಸೋಕೆ ಆಗಿದ್ದು. ಸ್ಲೇಟಿನ ಬಳಪ, ಗುಡಿಯ ಕಲ್ಲು ಎರಡೂ ಒಂದೇ ಕುಲದವು ಅಂತ ಗೊತ್ತಾದ ದಿನ ಯಾರೂ ಬಳಪ ಮುರಿಯುವುದಿಲ್ಲ. ಮಾರನೇ ದಿನ ಮುರಿಯುತ್ತಾರೆ, ಅದು ಬೇರೆ ಮಾತು.

ಈ ಗುಡಿಯ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಪೀಠದಲ್ಲಿ ಹೆಸರು ಬರೆದಿದ್ದಾರೆ. ಮಸಣಿತಮ್ಮ, ಚೌಡೆಯ, ನಂಜಯ ಹೀಗೆ. ಎಲ್ಲರಿಗಿಂತ ಜಾಸ್ತಿ ಸಿಗುವ ಹೆಸರು ಮಲ್ಲಿತಮ್ಮನದು. ನಲವತ್ತರಷ್ಟು ವಿಗ್ರಹಗಳು ಅವನವು ಅನ್ನುತ್ತಾರೆ. ಕೆಲವು ಕಡೆ ಪೂರ್ತಿ ಹೆಸರು ಬರೆಯದೆ ‘ಮಲ್ಲಿ’ ಅಂತಲೋ ಬರೀ ‘ಮ’ ಅಂತಲೋ ಬಿಟ್ಟಿದ್ದಾನೆ. ಇದನ್ನು ಕೇಳಿದ ಮಕ್ಕಳು ನಗುತ್ತಾರೆ. ನೋಟ್‌ಬುಕ್ಕಿನ ಮೇಲೆ ಹೆಸರು ಪೂರ್ತಿ ಬರೆಯಲು ಸೋಮಾರಿತನ ಮಾಡುವವರು ತಮ್ಮ ಪರವಾಗಿ ವಾದ ಸಿಕ್ಕಿತು ಅಂತ ಖುಷಿಪಡುತ್ತಾರೆ.

ಈಗ ‘ಮಲ್ಲಿತಮ್ಮ’ ಬರೆಯಿರಿ. ಲ ಕೆಳಗೆ ಲ, ಮ ಕೆಳಗೆ ಮ. ಒತ್ತಕ್ಷರ ಕಲಿಸೋಕೆ ಇದಕ್ಕಿಂತ ಒಳ್ಳೇ ಹೆಸರು ಬೇಕೇ? ‘ಮಲಿತಮ’ ಅಂತ ಒಂದು ಸಲ ಓದಿಸಿ, ‘ಮಲ್ಲಿತಮ್ಮ’ ಅಂತ ಇನ್ನೊಂದು ಸಲ ಓದಿಸಿ. ಬಾಯಿ ಎಲ್ಲಿ ಒತ್ತುತ್ತದೆ ಅಂತ ಅವರೇ ಹೇಳಲಿ. ಒಂದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳೇ ಈ ಕಥೆಯಲ್ಲಿ ತುಂಬಿವೆ: ಕಲ್ಲು, ಕೆತ್ತು, ಸುತ್ತು, ಚೆನ್ನಿಗ. ಸುಲಭದ್ದು ಮುಗಿದ ಮೇಲೆ ಬೇರೆ ಒತ್ತು ಬರುವ ಶಿಲ್ಪಿ, ವಿಗ್ರಹ ಇಂಥವಕ್ಕೆ ಹೋಗಿ. ಆಮೇಲಿಂದ ನಮ್ಮ ತರಗತಿಯಲ್ಲಿ ಒಂದು ನಿಯಮ ಬಂತು: ಯಾರೇ ಚಿತ್ರ ಬರೆದರೂ, ಮಣ್ಣಲ್ಲಿ ಏನೇ ಮಾಡಿದರೂ ಕೆಳಗೆ ಸಹಿ ಬೇಕು. ಒತ್ತು ಬಿಟ್ಟು ಬರೆದರೆ ಆ ಚಿತ್ರ ಬೇರೆಯವರದಾಗುತ್ತದೆ.

ಗುಡಿಗೆ ಕರೆದುಕೊಂಡು ಹೋಗುವುದಾದರೆ, 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಇಲ್ಲ. ವಿಗ್ರಹ ಮುಟ್ಟಬಾರದು ಅಂತ ಮೊದಲೇ ಹೇಳಿರಿ. ಹಳಗನ್ನಡದ ಅಕ್ಷರಗಳ ಆಕಾರ ಈಗಿನಂತೆ ಇಲ್ಲ, ಹಾಗಾಗಿ ಸಹಿ ಓದಿಸುವ ಹಟ ಬೇಡ. ಮಕ್ಕಳ ಕಣ್ಣಿಗೆ ತಕ್ಕ ಎತ್ತರದಲ್ಲಿರುವುದು ಗೋಡೆಯ ಬುಡದ ಪಟ್ಟಿಗಳು. ಎಲ್ಲಕ್ಕಿಂತ ಕೆಳಗೆ ಆನೆ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಸ್ಲೇಟಿನಲ್ಲಿ ಕೆಳಗಿನಿಂದ ಮೇಲಕ್ಕೆ ಆರು ಗೆರೆ ಎಳೆಸಿ, ಯಾವ ಗೆರೆಯಲ್ಲಿ ಏನಿದೆ ಅಂತ ಒಂದೊಂದು ಪದ ಬರೆಸಿ. ಅಲ್ಲಿ ನಿಂತು ಮಾಡಿಸುವ ಬರವಣಿಗೆ ಅಷ್ಟೇ ಸಾಕು.

ಒಂದು ಮಜಾ ಇದೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತು ಬರುತ್ತೇವೆ ಅಲ್ವಾ? ಗೋಡೆಯ ಮೇಲಿನ ಕಥೆಯೂ ಆ ಪ್ರದಕ್ಷಿಣೆಯ ದಾರಿಯಲ್ಲೇ ಸಾಗುತ್ತದೆ. ದಕ್ಷಿಣದ ಗೋಡೆಯಲ್ಲಿ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರಕ್ಕೆ ಮಹಾಭಾರತ. ಅಂದರೆ ಗೋಡೆಗೆ ಮುಖ ಮಾಡಿ ನಿಂತವರಿಗೆ ಕಥೆ ಬಲದಿಂದ ಎಡಕ್ಕೆ ಹೋಗುತ್ತದೆ. ನಮ್ಮ ಅಕ್ಷರ ಎಡದಿಂದ ಬಲಕ್ಕೆ. ಓದು ಎಲ್ಲಿಂದ ಶುರುವಾಗುತ್ತದೆ, ಯಾವ ಕಡೆ ಹೋಗುತ್ತದೆ ಅನ್ನುವುದು ದೊಡ್ಡವರಿಗೆ ಪ್ರಶ್ನೆಯೇ ಅಲ್ಲ. ಆರು ವರ್ಷದವರಿಗೆ ಅದು ಕಲಿಯಬೇಕಾದ ವಿಷಯ. ಉರ್ದು ಅಕ್ಷರ ಕಲಿಯುತ್ತಿರುವ ಮಗು ತರಗತಿಯಲ್ಲಿದ್ದರೆ ಈ ದಿಕ್ಕಿನ ಮಾತಿಗೆ ಅದೇ ಮೇಷ್ಟ್ರು.

‘ಇದೆ’ ಮತ್ತು ‘ಅಂತೆ’

ಶಿಲ್ಪಿ ಅಂದ ಕೂಡಲೇ ಯಾರಾದರೂ ಜಕಣಾಚಾರಿ ಅಂತಾರೆ. ಜನವರಿ 1ರಂದು ಅವನ ಸಂಸ್ಮರಣಾ ದಿನವೂ ಇದೆ. ಆ ಕಥೆಯನ್ನು ನಾನು ನಾಲ್ಕು, ಐದನೇ ತರಗತಿಗೆ ಇಟ್ಟುಕೊಂಡಿದ್ದೇನೆ, ಬೇರೆ ಕೆಲಸಕ್ಕೆ.

ಜಕಣ ಬೇಲೂರಿನಲ್ಲಿ ಒಂದು ಮೂರ್ತಿ ಕೆತ್ತಿದನಂತೆ. ಒಬ್ಬ ಹುಡುಗ ಬಂದನಂತೆ. ಈ ಕಲ್ಲಲ್ಲಿ ದೋಷ ಇದೆ ಅಂದನಂತೆ. ಮೂರ್ತಿಗೆಲ್ಲ ಗಂಧ ಬಳಿದರಂತೆ. ಎಲ್ಲ ಕಡೆ ಒಣಗಿತಂತೆ, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲವಂತೆ. ಅಲ್ಲಿ ಉಳಿ ಇಟ್ಟರೆ ನೀರು ಬಂತಂತೆ, ಕಪ್ಪೆ ಹಾರಿತಂತೆ!

ಕಪ್ಪೆ ಹಾರುವಲ್ಲಿಗೆ ಎಲ್ಲರೂ ಹಾರುತ್ತಾರೆ. ಮುಂದೆ ಜಕಣ, ದೋಷ ಇದ್ದರೆ ಕೈ ಕತ್ತರಿಸಿಕೊಳ್ಳುತ್ತೇನೆ ಅಂದ ಮಾತಿಗೆ ತಪ್ಪದೆ ಕೈ ಕತ್ತರಿಸಿಕೊಂಡಿದ್ದು, ಹುಡುಗ ಅವನ ಮಗ ಡಂಕಣ ಅಂತ ಗೊತ್ತಾಗಿದ್ದು, ಕೈದಾಳ ಅನ್ನುವ ಊರಿನಲ್ಲಿ ಕೈ ಮತ್ತೆ ಬಂದಿದ್ದು. ಕೈ ಕತ್ತರಿಸಿದ್ದನ್ನು ಹೇಳಬೇಕೋ ಬೇಡವೋ ಅಂತ ಕೆಲವರು ಯೋಚಿಸುತ್ತಾರೆ. ಮಕ್ಕಳು ಮನೆಯಲ್ಲಿ ಆಗಲೇ ಕೇಳಿರುತ್ತಾರೆ. ನಾನು ಒಂದು ಮಾತಲ್ಲಿ ಹೇಳಿ ಮುಂದೆ ಹೋಗುತ್ತೇನೆ, ಅದರ ಚಿತ್ರ ಮಾತ್ರ ಬರೆಸುವುದಿಲ್ಲ.

ಈಗ ಬೋರ್ಡಿನಲ್ಲಿ ನಡುವೆ ಗೆರೆ ಎಳೆಯಿರಿ. ಒಂದು ಕಡೆ ‘ಇದೆ’, ಇನ್ನೊಂದು ಕಡೆ ‘ಅಂತೆ’. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಅಲ್ಲಿ ಕಪ್ಪೆ ಹಾರಿತಂತೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಸಹಿ ಇದೆ. ಜಕಣ ಕೈ ಕತ್ತರಿಸಿಕೊಂಡನಂತೆ. ಬೇಲೂರಿನ ಮದನಿಕೆಯರ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರಿದೆ. ಇದು ಹೇಳಿದಾಗ ಗಮನಿಸಿ, ಮಕ್ಕಳು ನಿಮಗಿಂತ ಮುಂಚೆ ಹಿಡಿಯುತ್ತಾರೆ: "ಇಲ್ಲೂ ಅಪ್ಪ–ಮಗ!" ಕಲ್ಲಿನಲ್ಲಿ ಸಹಿ ಇರುವ ಅಪ್ಪ–ಮಗ ‘ಇದೆ’ ಕಡೆಗೆ. ಶಾಸನದಲ್ಲಿ ಹೆಸರು ಸಿಗದ ಅಪ್ಪ–ಮಗ ‘ಅಂತೆ’ ಕಡೆಗೆ. ಯಾವ ಕಥೆಯೂ ಇದರಿಂದ ಸಣ್ಣದಾಗುವುದಿಲ್ಲ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಬೇರೆ ಬೇರೆ ಅಂತ ಬರವಣಿಗೆಯಲ್ಲಿ ತೋರಿಸೋಕೆ ಐದನೇ ತರಗತಿಗೇ ಬಂದುಬಿಟ್ಟರೆ ಒಳ್ಳೆಯದು. ಈಗಿನ ವಾಟ್ಸಾಪ್ ಕಾಲದಲ್ಲಂತೂ ಒಳ್ಳೆಯದು.

ಪರದೆ ಹಿಂದೆ ಓದುವುದು

ಗಟ್ಟಿಯಾಗಿ ಓದು ಅಂದರೆ ಕೆಲವು ಮಕ್ಕಳ ಗಂಟಲು ಕಟ್ಟುತ್ತದೆ. ಅಕ್ಷರ ಗೊತ್ತು, ಅರ್ಥ ಗೊತ್ತು, ಎದ್ದು ನಿಂತರೆ ಮಾತ್ರ ಧ್ವನಿ ಬರುವುದಿಲ್ಲ. ಇವರಿಗೆ ತೊಗಲು ಗೊಂಬೆಯಾಟಕ್ಕಿಂತ ಒಳ್ಳೇ ಉಪಾಯ ನನಗೆ ಸಿಕ್ಕಿಲ್ಲ.

ಮೊದಲು ಅದನ್ನು ಮಾಡುವ ಕಥೆ: ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಗೊಂಬೆಯ ಆಕಾರಕ್ಕೆ ಕತ್ತರಿಸಿ, ಆಭರಣದ ಜಾಗದಲ್ಲಿ ಸಣ್ಣ ಸಣ್ಣ ತೂತು ಹಾಕಿ, ಬಣ್ಣ ಹಚ್ಚುತ್ತಾರೆ. ಬಿಳೀ ಪರದೆ, ಹಿಂದೆ ದೀಪ. ನಮ್ಮಲ್ಲಿ ಚರ್ಮದ ಬದಲು ಮದುವೆ ಕಾರ್ಡು, ದೀಪದ ಬದಲು ಮೊಬೈಲ್ ಟಾರ್ಚು, ಪರದೆಗೆ ಹಳೇ ಬಿಳಿ ಪಂಚೆ. ಗೊಂಬೆಗೆ ಪೊರಕೆ ಕಡ್ಡಿ ಅಂಟಿಸಿದರೆ ಆಯಿತು. ಬಣ್ಣ ಕಾಣಬೇಕು ಅಂತ ಮಕ್ಕಳು ಹಟ ಹಿಡಿದರೆ ಕಾರ್ಡಿನಲ್ಲಿ ಕಿಟಕಿ ಕತ್ತರಿಸಿ ಬಣ್ಣದ ಜಿಲೇಟಿನ್ ಕಾಗದ ಅಂಟಿಸಿ.

ಮಾತು ಬರೆಯುವುದು ಐದನೇ ತರಗತಿಯವರ ಕೆಲಸ. ಜಕಣ–ಡಂಕಣರ ಜಗಳ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಬ್ಬೊಬ್ಬರ ಮಾತು ಒಂದೊಂದು ಚೀಟಿಯಲ್ಲಿ ಇರಲಿ. ಬಾಯಿಪಾಠ ಬೇಡ, ಚೀಟಿ ನೋಡಿಕೊಂಡೇ ಓದಬೇಕು. ನಮ್ಮಲ್ಲಿ ಒಬ್ಬ ಹುಡುಗಿ ಹಾಜರಿ ಕೂಗಿದರೂ ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ಪಂಚೆಯ ಹಿಂದೆ ಕೂತು ಅವಳು "ಈ ಕಲ್ಲಲ್ಲಿ ದೋಷ ಇದೆ!" ಅಂದದ್ದು ಅಡುಗೆ ಕೋಣೆಗೆ ಕೇಳಿಸಿತು. ಅಡುಗೆಯ ಅಕ್ಕ ಸೌಟು ಹಿಡಿದುಕೊಂಡೇ ಬಂದು ನೋಡಿದರು. ಯಾರೂ ತನ್ನ ಮುಖ ನೋಡುತ್ತಿಲ್ಲ, ಗೊಂಬೆಯನ್ನು ನೋಡುತ್ತಿದ್ದಾರೆ ಅನ್ನುವುದೇ ಸಾಕಾಗುತ್ತದೆ. ಹೀಗೆ ಓದಿದ ಮಗುವನ್ನು ಮಾರನೇ ದಿನವೇ ಎದ್ದು ನಿಲ್ಲಿಸಿ ಓದಿಸಬೇಡಿ. ಒಂದೆರಡು ಆಟ ಪರದೆ ಹಿಂದೆಯೇ ಆಗಲಿ.

‘ಸುಂದರ’ಕ್ಕೆ ರಜೆ

ಚಿತ್ರ ತೋರಿಸಿ ಐದು ವಾಕ್ಯ ಬರೆಯಿರಿ ಅಂದರೆ ಮೊದಲ ವಾಕ್ಯ "ಈ ಚಿತ್ರ ತುಂಬಾ ಸುಂದರವಾಗಿದೆ". ಕೊನೆಯದು "ನನಗೆ ಈ ಚಿತ್ರ ತುಂಬಾ ಇಷ್ಟ". ನಡುವೆ ಮೂರು ವಾಕ್ಯವನ್ನು ಪಕ್ಕದವರಿಂದ ಇಳಿಸಿರುತ್ತಾರೆ. ತಪ್ಪು ಅವರದ್ದಲ್ಲ, ಗೈಡುಗಳು ಕಲಿಸಿದ್ದು ಅದನ್ನೇ. ನಮ್ಮ ತರಗತಿಯಲ್ಲಿ ಚಿತ್ರದ ಬಗ್ಗೆ ಬರೆಯುವಾಗ ‘ಸುಂದರ’, ‘ಅದ್ಭುತ’ ಎರಡಕ್ಕೂ ರಜೆ. ಬದಲಿಗೆ ಎಲ್ಲಿ, ಎಷ್ಟು, ಯಾವುದರ ಪಕ್ಕ, ಏನು ಮಾಡುತ್ತಿದೆ. ಇಷ್ಟಕ್ಕೆ ಉತ್ತರ ಬರೆದರೆ ಐದು ವಾಕ್ಯ ಆಗೇ ಆಗುತ್ತದೆ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯಲ್ಲಿ ಮೊದಲ ಗೆರೆ ಎಳೆಯುತ್ತಿದ್ದದ್ದು ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಲ್ಲಿ. ಇದ್ದಿಲು ನೀವೇ ಮಾಡಿ ತನ್ನಿ, ಮಕ್ಕಳ ಕೈಗೆ ಬೆಂಕಿ ಬೇಡ. ಅದರಲ್ಲಿ ಒಂದು ಚಿತ್ರ ಬರೆದು, ಕೆಳಗೆ ಅದೇ ಇದ್ದಿಲಿನಲ್ಲಿ ಒಂದು ವಾಕ್ಯ. ಒರೆಸಿದರೆ ಹೋಗುತ್ತದೆ ಅನ್ನುವ ಧೈರ್ಯಕ್ಕೆ ಪೆನ್ನು ಹಿಡಿಯಲು ಹೆದರುವವರೂ ಬರೆಯುತ್ತಾರೆ. ಯೂನಿಫಾರಂ ಮಾತ್ರ ಹಾಳಾಗುತ್ತದೆ. ಶನಿವಾರ ಮಾಡಿ.

ಮನೆಗೆ ಕೊಡುವ ಕೆಲಸ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಅಮ್ಮನನ್ನೋ ಅಜ್ಜಿಯನ್ನೋ ಒಂದು ರಂಗೋಲಿ ಹೇಗೆ ಹಾಕುವುದು ಅಂತ ಕೇಳಿ, ಅವರು ಹೇಳಿದಂತೆ ಬರೆದುಕೊಂಡು ಬರಬೇಕು. ಎಷ್ಟು ಚುಕ್ಕಿ, ಎಷ್ಟು ಸಾಲು, ನೇರ ಚುಕ್ಕಿಯೋ ಸಂದು ಚುಕ್ಕಿಯೋ, ಮೊದಲು ಯಾವ ಚುಕ್ಕಿಯಿಂದ ಯಾವುದಕ್ಕೆ. ಶಾಲೆಯಲ್ಲಿ ಇನ್ನೊಬ್ಬರು ಆ ಬರಹ ಓದಿಕೊಂಡು ಅಂಗಳದಲ್ಲಿ ರಂಗೋಲಿ ಹಾಕಬೇಕು. ಬರೆದವರು ಬಾಯಿ ಬಿಡುವಂತಿಲ್ಲ. ರಂಗೋಲಿ ಸೊಟ್ಟಗಾದರೆ ಬರಹದಲ್ಲಿ ಏನೋ ಬಿಟ್ಟಿದೆ ಅಂತ ತಾನೇ ಗೊತ್ತಾಗುತ್ತದೆ. ಕೆಂಪು ಇಂಕಿನಲ್ಲಿ ತಿದ್ದುವ ಅಗತ್ಯ ಇಲ್ಲ. ಅಕ್ಷರ ಬಾರದ ಅಜ್ಜಿಯಂದಿರಿಗೆ ಇದರಲ್ಲಿ ತುಂಬಾ ಖುಷಿ. ತಾವು ಹೇಳಿದ್ದನ್ನು ಮೊಮ್ಮಗ ಬರೆದುಕೊಂಡ ಅಂತ ಗೇಟಿನ ಹತ್ತಿರ ನಿಂತು ಹೇಳಿ ಹೋಗುತ್ತಾರೆ.

ಬೇರೆ ಊರಿನವರಿಗೆ

ಸೋಮನಾಥಪುರ ದೂರ ಅನ್ನುವವರು ನಿಮ್ಮ ಕಡೆಯದ್ದನ್ನೇ ತಗೊಳ್ಳಿ. ಬೀದರಿನವರಿಗೆ ಬಿದರಿ ಇದೆ. ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಮೇಲೆ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. "ಯಾಕೆ?" ಅನ್ನುವ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುವ ಕಥೆ ಇದು. ಕೊಪ್ಪಳದವರಿಗೆ ಕಿನ್ನಾಳದ ಗೊಂಬೆ: ಹಗುರ ಮರ, ಹುಣಸೆ ಬೀಜದ ಅಂಟು. ಸಾಗರದ ಕಡೆ ದೀವರು ಅನ್ನುವ ಸಮುದಾಯದವರ ಮನೆಗಳ ಹಸೆ ಚಿತ್ತಾರ: ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳುಪು, ಪುಂಡಿ ನಾರಿನ ಕುಂಚ. ಏನೂ ಇಲ್ಲ ಅನ್ನುವ ಊರಿನಲ್ಲೂ ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು, ಹೂ ಕಟ್ಟುವವರು ಇರುತ್ತಾರೆ. ಅವರನ್ನು ಶಾಲೆಗೆ ಕರೆಯುವಾಗ ಭಾಷಣ ಮಾಡಿ ಅನ್ನಬೇಡಿ, ಕೆಲಸ ಮಾಡಿ ತೋರಿಸಿ ಅನ್ನಿ. ಪ್ರಶ್ನೆಗಳನ್ನು ಮಕ್ಕಳು ಹಿಂದಿನ ದಿನವೇ ಬರೆದಿಟ್ಟುಕೊಂಡಿರಲಿ. ಒಬ್ಬೊಬ್ಬರಿಗೆ ಒಂದೇ ಪ್ರಶ್ನೆ, ಉತ್ತರ ಬರೆದುಕೊಳ್ಳುವುದೂ ಅವರೇ.

ಒಂದು ಕಥೆಗೆ ಒಂದು ವಾರ ಕೊಡಿ, ಕನ್ನಡದ ಅವಧಿಯಲ್ಲೇ. ಚಿತ್ರಕಲೆ ಅವಧಿಗೆ ತಳ್ಳಿದರೆ ಓದು ಮಾಯವಾಗಿ ಬಣ್ಣ ಮಾತ್ರ ಉಳಿಯುತ್ತದೆ. ಹಾಳೆಗಳನ್ನು ಸುರುಳಿ ಸುತ್ತಿ ಬೀರುವಿನಲ್ಲಿಟ್ಟರೆ ಇಲಿ, ಗೆದ್ದಲು. ಬಟ್ಟೆ ಹಾಕುವ ಹ್ಯಾಂಗರಿಗೆ ಕ್ಲಿಪ್ಪು ಸಿಕ್ಕಿಸಿ ಗೋಡೆಗೆ ತೂಗುಹಾಕಿ, ಮಕ್ಕಳೇ ತೆಗೆದು ಓದಿಕೊಳ್ಳುತ್ತಾರೆ. ಪ್ರತಿ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅದರಲ್ಲಿರುವ ಹೊಸ ಅಕ್ಷರ, ಹೊಸ ಒತ್ತು ಗುರುತು ಹಾಕಿಡಿ. ಬರುವ ಜೂನ್‌ನಲ್ಲಿ ಲ ಒತ್ತಿಗೆ ಯಾವ ಕಥೆ ಇತ್ತು ಅಂತ ಹುಡುಕುವಾಗ ಕೆಲಸಕ್ಕೆ ಬರುತ್ತದೆ.